ಸಮಾಜಕಾರ್ಯದಲ್ಲಿ ಮೇಲ್ವಿಚಾರಣೆಯ ಸ್ಥಾನ

(ಶ್ರೀಮಠದ ಸುವರ್ಣ ಮಹೋತ್ಸವದ ಉಪನ್ಯಾಸಗೋಷ್ಠಿಯಲ್ಲಿ ಮಾಡಿದ ಭಾಷಣ)



ಶ್ರೀಮಠದ ಈ ಮಹೋತ್ಸವದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಸನ್ನಿಧಿಯವರ ಅಪ್ಪಣೆಯಾಯಿತು. ಧರ್ಮವನ್ನಾಗಲಿ ಸಾಹಿತ್ಯವನ್ನಾಗಲಿ ಕುರಿತು ಹೇಳುವದಕ್ಕೆ ನನಗಿಂತ ಬಲ್ಲವರು ಈ ಸಭೆಯಲ್ಲಿ ಅನೇಕರಿರುವರು. ನಾನು ಬಲ್ಲದ್ದು ನನ್ನ ಕಾಯಕವೊಂದನ್ನೇ. ಮನೋರೋಗಿಗಳ ಮತ್ತು ಅವರ ಮನೆಯವರ ನಡುವೆ ಕೆಲಸ ಮಾಡುವದು, ಆ ಕೆಲಸವನ್ನು ಕಲಿಯಬಂದ ತರುಣ ತರುಣಿಯರನ್ನು ಕೈಹಿಡಿದು ನಡೆಸುವದು, ಇವೆರಡರಲ್ಲಿ ನನ್ನ ಆಯುಷ್ಯದ ಬಹುಭಾಗವು ಸಂದಿದೆ. ಆದುದರಿಂದ ಆ ಕಾಯಕದಿಂದ ನಾನು ಅರಿತ ಒಂದೇ ಸಂಗತಿಯನ್ನು ತಮ್ಮ ಮುಂದೆ ಬಿನ್ನವಿಸುವೆನು. ಅನ್ಯರ ದುಃಖವನ್ನು ಕೇಳುವವನಿಗೆ ತನ್ನ ಕೆಲಸವನ್ನು ನಿಜವಾಗಿ ಹೇಳಿಕೊಳ್ಳಲು ಒಬ್ಬರು ಬೇಕು. ಅಂಥವರಿಲ್ಲದಿದ್ದರೆ ಅವನು ಮಾಡುವ ಉಪಕಾರವು ಕ್ರಮೇಣ ಅಧಿಕಾರವಾಗುವದು, ಇಲ್ಲವೆ ಅವನೇ ಬತ್ತಿ ಹೋಗುವನು. ಎರಡರಲ್ಲಿಯೂ ನಷ್ಟವನ್ನು ಅನುಭವಿಸುವವರು ಸಹಾಯವನ್ನು ಬೇಡಿ ಬಂದ ದೀನರು.

ಮೊದಲು ಈ ಕಾಯಕದ ಪರಿಚಯವನ್ನು ಮಾಡಿಕೊಡುವೆನು. ಸಮಾಜಸೇವೆಯೆಂದರೆ ತಾವೆಲ್ಲರೂ ಬಲ್ಲಿರಿ. ಬರಗಾಲದಲ್ಲಿ ಗಂಜಿ ಹಾಕಿಸುವದು, ಕೆರೆಯ ಹೂಳೆತ್ತುವದು, ಬಡ ವಿದ್ಯಾರ್ಥಿಗಳಿಗೆ ಅನ್ನ ವಸತಿಗಳನ್ನು ಒದಗಿಸುವದು ನಮ್ಮ ಮಠಗಳಿಗೆ ಹೊಸದಲ್ಲ. ಚಿಕಿತ್ಸಾ ಸಮಾಜಕಾರ್ಯವು ಇದಕ್ಕೆ ಬಂಧುವಾದರೂ ಇದಕ್ಕಿಂತ ಭಿನ್ನವಾದದ್ದು. ಇಲ್ಲಿ ಕಾರ್ಯಕರ್ತನ ಎದುರಿಗೆ ಊರು ಕುಳಿತಿರುವದಿಲ್ಲ. ಒಬ್ಬ ಮನುಷ್ಯನು ಕುಳಿತಿರುವನು, ಅವನ ಬೆನ್ನಹಿಂದೆ ಒಂದು ಮನೆಯು ನಿಂತಿರುವದು. ವೈದ್ಯನು ರೋಗವನ್ನು ಗುರುತಿಸಿ ಔಷಧವನ್ನು ಕೊಡುವನು. ಆ ಔಷಧವನ್ನು ನಿತ್ಯವೂ ನೆನಪಿಟ್ಟು ಕೊಡುವವರಾರು? ತಿಂಗಳಿಗೊಮ್ಮೆ ಆಸ್ಪತ್ರೆಗೆ ಬರಲು ಮೋಟಾರಿನ ಖರ್ಚು ಎಲ್ಲಿಂದ? ಆ ದಿನದ ಕೂಲಿ ತಪ್ಪಿದರೆ ಮನೆಯಲ್ಲಿ ಒಲೆಯುರಿಯುವದೋ ಇಲ್ಲವೋ? ಮಗಳಿಗೆ ಬೇನೆಯಿರುವದು ಬೀಗರಿಗೆ ತಿಳಿದೀತೆಂದು ತಂದೆಯು ಔಷಧದ ಚೀಟಿಯನ್ನೇ ಹರಿದು ಹಾಕಿದ್ದರೆ ಏನು ಮಾಡಬೇಕು? ಹಿಸ್ಸೆಯ ವ್ಯಾಜ್ಯದಲ್ಲಿ ಅಣ್ಣನೇ ತಮ್ಮನನ್ನು ಹುಚ್ಚನೆಂದು ಸಾಧಿಸಲು ಹೊರಟಿದ್ದರೆ ಏನು ಗತಿ? ಇವುಗಳೆಲ್ಲಕ್ಕೆ ಉತ್ತರವನ್ನು ಹುಡುಕುವದು, ಅದೂ ರೋಗಿಯ ಪರವಾಗಿ ತಾನೇ ಹುಡುಕದೆ ಅವನೊಡನೆ ಮತ್ತು ಅವನ ಮನೆಯವರೊಡನೆ ಕೂಡಿ ಹುಡುಕುವದು, ಸಮಾಜಕಾರ್ಯಕರ್ತನ ಕೆಲಸ.

ಈ ವೃತ್ತಿಯು ಹುಟ್ಟಿದ್ದು ಹೀಗೆಯೇ. ಅಮೇರಿಕೆಯ ಬೋಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ರಿಚರ್ಡ್ ಕ್ಯಾಬಟ್ ಎಂಬ ವೈದ್ಯರಿದ್ದರು. ರೋಗಿಯ ಮನೆ ಮತ್ತು ದುಡಿಮೆಗಳನ್ನು ಅರಿಯದೆ ಬರೆದುಕೊಟ್ಟ ಔಷಧವು ಬಹಳ ಸಲ ವ್ಯರ್ಥವಾಗುವದನ್ನು ಕಂಡು ಅವರು 1905ರಲ್ಲಿ ಆಸ್ಪತ್ರೆಯೊಳಗೆ ಸಮಾಜಕಾರ್ಯವನ್ನು ಆರಂಭಿಸಿದರು. ಐಡಾ ಕ್ಯಾನನ್ ಎಂಬ ಮಹಿಳೆಯು ಅದನ್ನು ಬಹುಕಾಲ ನಡೆಸಿ ಬೆಳೆಸಿದರು. 1917ರಲ್ಲಿ ಮೇರಿ ರಿಚ್ಮಂಡ್ ಎಂಬವರು ಒಂದು ಕುಟುಂಬದ ಕಷ್ಟವನ್ನು ಕ್ರಮವರಿತು ತಿಳಿದುಕೊಳ್ಳುವ ಬಗೆಯನ್ನು ಕುರಿತು ದೊಡ್ಡ ಗ್ರಂಥವನ್ನೇ ಬರೆದರು. ಅಲ್ಲಿಂದ ಮುಂದೆ ಕನಿಕರವು ಒಂದು ಶಾಸ್ತ್ರದ ಶಿಸ್ತನ್ನು ಪಡೆಯಿತು. ನಮ್ಮ ದೇಶದಲ್ಲಿ 1936ರಲ್ಲಿ ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಅವರ ಹೆಸರಿನಲ್ಲಿ ಸಮಾಜಕಾರ್ಯದ ಶಾಲೆಯು ಸ್ಥಾಪಿತವಾಯಿತು. 1944ರಲ್ಲಿ ಅದಕ್ಕೆ ಟಾಟಾ ಸಮಾಜವಿಜ್ಞಾನ ಸಂಸ್ಥೆಯೆಂಬ ಹೆಸರು ಬಂದಿತು. 1946ರಲ್ಲಿ ಅದೇ ನಗರದ ಜೆ. ಜೆ. ಆಸ್ಪತ್ರೆಯಲ್ಲಿ ವೈದ್ಯಕೀಯ ಸಮಾಜಕಾರ್ಯಕರ್ತರ ನೇಮಕವಾಯಿತು. ಕರ್ನಾಟಕದಲ್ಲಿ ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆಯ ಜೊತೆಯಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಆರಂಭವಾಗಿ, 1974ರಲ್ಲಿ ಎರಡೂ ಕೂಡಿ ಇಂದು ನಿಮ್ಹಾನ್ಸ್ ಎಂದು ಪ್ರಸಿದ್ಧವಾದ ಸಂಸ್ಥೆಯಾದವು. ಮನೋವೈದ್ಯಕೀಯ ಸಮಾಜಕಾರ್ಯದ ಉನ್ನತ ಶಿಕ್ಷಣವು ಅಲ್ಲಿ ನಡೆಯುತ್ತಿರುವದು ನಾಡಿಗೆ ಹೆಮ್ಮೆಯ ಸಂಗತಿ.

ಇಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು. ಪಶ್ಚಿಮದಿಂದ ಬಂದ ಈ ವಿದ್ಯೆಗೆ ಭಾರತವು ತನ್ನ ಕಡೆಯಿಂದಲೂ ಒಂದು ಕಾಣಿಕೆಯನ್ನು ಸಲ್ಲಿಸಿದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರ ಎಂಬವರು ಆಸ್ಪತ್ರೆಯ ಬಯಲಿನಲ್ಲಿಯೇ ಡೇರೆಗಳನ್ನು ಹೊಡೆಸಿ ರೋಗಿಗಳ ಮನೆಯವರನ್ನು ಅವರೊಡನೆ ಇರಗೊಟ್ಟರು. ರೋಗಿಯನ್ನು ಗೋಡೆಯೊಳಗೆ ಬಿಟ್ಟು ಹಿಂತಿರುಗುತ್ತಿದ್ದ ತಾಯಿತಂದೆಗಳು ಅಲ್ಲಿ ಆರೈಕೆಯಲ್ಲಿ ಪಾಲುಗಾರರಾದರು; ರೋಗವು ಇಳಿಯುವದನ್ನು ಕಣ್ಣಾರೆ ಕಂಡು, ಬೇನೆಯ ಭಯವನ್ನು ಕಳೆದುಕೊಂಡು ಊರಿಗೆ ಮರಳಿದರು. ಮನೆಯು ರೋಗಿಗೆ ಹೊರೆಯಲ್ಲ, ಔಷಧದಂತೆಯೇ ಒಂದು ಬಲವೆಂಬ ತತ್ತ್ವವು ನಮ್ಮಲ್ಲಿ ಹೀಗೆ ಬೇರೂರಿತು.

ಇನ್ನು ಮೇಲ್ವಿಚಾರಣೆಯ ವಿಷಯಕ್ಕೆ ಬರುವೆನು. ಈ ಶಬ್ದವನ್ನು ಕೇಳಿದೊಡನೆ ತಮಗೆ ಕಚೇರಿಯ ಮೇಲಧಿಕಾರಿಯು ನೆನಪಾಗಬಹುದು. ಹಾಜರಿ ಪುಸ್ತಕ, ತಪ್ಪಿಗೆ ಜವಾಬು, ವಿಚಾರಣೆ, ಇವು ಕಣ್ಣ ಮುಂದೆ ಬರಬಹುದು. ಆದರೆ ನಮ್ಮ ಕನ್ನಡದಲ್ಲಿ ವಿಚಾರಿಸುವದೆಂದರೆ ಪ್ರಶ್ನೆ ಮಾಡುವದು ಮಾತ್ರವಲ್ಲ. ಮನೆಗೆ ಬಂದ ನೆಂಟರನ್ನು ವಿಚಾರಿಸಿಕೊಳ್ಳುವೆವು. ಬಾಣಂತಿಯನ್ನು ವಿಚಾರಿಸಿಕೊಂಡು ಬರಲು ಹೋಗುವೆವು. ಯೋಗಕ್ಷೇಮವನ್ನು ವಿಚಾರಿಸಿ ಪತ್ರ ಬರೆಯುವೆವು. ಒಂದೇ ಶಬ್ದದಲ್ಲಿ ತನಿಖೆಯೂ ಇದೆ, ಆರೈಕೆಯೂ ಇದೆ, ಆಲೋಚನೆಯೂ ಇದೆ. ನಮ್ಮ ವೃತ್ತಿಯ ಮೇಲ್ವಿಚಾರಣೆಯೂ ಹಾಗೆಯೇ ಮೂರು ಮುಖವುಳ್ಳದ್ದು. 1976ರಲ್ಲಿ ಆಲ್ಫ್ರೆಡ್ ಕಡೂಶಿನ್ ಎಂಬ ಪಂಡಿತರು ಈ ವಿಷಯವನ್ನು ಕುರಿತ ತಮ್ಮ ಗ್ರಂಥದಲ್ಲಿ ಆಡಳಿತ, ಶಿಕ್ಷಣ, ಆಸರೆ ಎಂದು ಅದನ್ನು ಮೂರಾಗಿ ವಿಂಗಡಿಸಿದರು. ಕೆಲಸವು ನಿಯಮದಂತೆ ನಡೆದಿದೆಯೇ ಎಂದು ನೋಡುವದು ಆಡಳಿತ. ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುವದನ್ನು ಕಲಿಸುವದು ಶಿಕ್ಷಣ. ಕೆಲಸ ಮಾಡುವವನ ಮನಸ್ಸು ಮುರಿಯದಂತೆ ಕಾಯುವದು ಆಸರೆ. ಈ ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡು ನಿಲ್ಲಲಾರವು.

ಇದನ್ನು ನಡೆಸುವ ಕ್ರಮವು ಸರಳವಾದದ್ದು. ವಾರಕ್ಕೊಮ್ಮೆ, ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ, ಸುಮಾರು ಒಂದು ತಾಸು, ಕಲಿಯುವವರೂ ಕಲಿಸುವವರೂ ಎದುರುಬದುರು ಕುಳಿತುಕೊಳ್ಳುವರು. ಕಲಿಯುವವರು ತಮ್ಮ ಭೇಟಿಯ ವರದಿಯನ್ನು ಮುಂಚಿತವಾಗಿ ಬರೆದು ಕೊಡುವರು. ಅದು ಬರಿಯ ಸಾರಾಂಶವಲ್ಲ; ರೋಗಿಯು ಏನು ಹೇಳಿದನು, ಅದಕ್ಕೆ ತಾನು ಏನು ಹೇಳಿದೆನು, ಆಗ ತನ್ನ ಮನಸ್ಸಿಗೆ ಏನಾಯಿತು ಎಂಬದೆಲ್ಲ ಆ ವರದಿಯಲ್ಲಿ ಬರಬೇಕು. ಹೊಸಬರು ಈ ಕಡೆಯ ಭಾಗವನ್ನು ಬರೆಯಲು ಹಿಂಜರಿಯುವರು. ಮೇಲ್ವಿಚಾರಕನು ಓದತಕ್ಕದ್ದು ಮುಖ್ಯವಾಗಿ ಅದನ್ನೇ. ವರದಿಯಲ್ಲಿ ಇರುವದಕ್ಕಿಂತ ಇಲ್ಲದ್ದನ್ನು ಓದಲು ಅವನು ಕಲಿತಿರಬೇಕು.

ಒಂದು ಮಾದರಿಯನ್ನು ಹೇಳುವೆನು. ಇದು ಯಾವದೊಂದು ಮನೆಯ ಕಥೆಯಲ್ಲ. ರೋಗಿಯ ಗುಟ್ಟನ್ನು ಸಭೆಯಲ್ಲಿ ಬಿಚ್ಚುವದು ನಮ್ಮ ವೃತ್ತಿಗೆ ದ್ರೋಹ. ಆದುದರಿಂದ ಅನೇಕ ಮನೆಗಳಲ್ಲಿ ಕಂಡುಬರುವ ಸಂಗತಿಗಳನ್ನು ಒಂದಾಗಿ ಹೆಣೆದು ಹೇಳುತ್ತಿರುವೆನು.

ಒಬ್ಬ ಬಾಣಂತಿ. ಹೆರಿಗೆಯಾದ ಎರಡನೆಯ ವಾರದಲ್ಲಿ ಅವಳ ನಿದ್ದೆ ಕೆಟ್ಟಿತು. ತೊಡೆಯ ಮೇಲಿನ ಕೂಸು ತನ್ನದಲ್ಲವೆನ್ನತೊಡಗಿದಳು. ಯಾರೋ ಹಾಲಿಗೆ ಮದ್ದು ಹಾಕಿರುವರೆಂದು ಅಂಜಿದಳು. ಹೆರಿಗೆಯ ನಂತರ ಕೆಲವರಿಗೆ ಬರುವ ಈ ಬೇನೆಯು ತೀವ್ರವಾದದ್ದು. ತಾಯಿಗೂ ಕೂಸಿಗೂ ಅಪಾಯವನ್ನು ತರುವಂಥದು. ಆದರೆ ತಡಮಾಡದೆ ಚಿಕಿತ್ಸೆ ದೊರೆತರೆ ಚೆನ್ನಾಗಿ ಗುಣವಾಗತಕ್ಕದ್ದು. ತಾಯಿಯನ್ನು ಕೂಸಿನಿಂದ ಅಗಲಿಸದೆ ಇಬ್ಬರನ್ನೂ ಒಟ್ಟಿಗೆ ನೋಡಿಕೊಳ್ಳುವ ವಾರ್ಡು ನಿಮ್ಹಾನ್ಸಿನಲ್ಲಿ 2009ರಲ್ಲಿ ಏರ್ಪಟ್ಟಿತು. ನಮ್ಮ ಮಾದರಿಯ ಈ ತಾಯಿಯೂ ಆಸ್ಪತ್ರೆಯಲ್ಲಿದ್ದು ಚೇತರಿಸಿಕೊಂಡು ಗಂಡನ ಮನೆಗೆ ಹೋದಳು. ಎರಡು ಸಲ ತಪ್ಪದೆ ತೋರಿಸಿಕೊಳ್ಳಲು ಬಂದಳು. ಮೂರನೆಯ ಸಲ ಬರಲಿಲ್ಲ. ಕಲಿಯುತ್ತಿದ್ದ ತರುಣ ಕಾರ್ಯಕರ್ತೆಯು ಅವಳ ಊರಿಗೆ ಹೋಗಿ ನೋಡಲಾಗಿ, ಗುಳಿಗೆಗಳು ನಿಂತಿದ್ದವು. ನಿಲ್ಲಿಸಿದವರು ಅತ್ತೆ.

ಕಾರ್ಯಕರ್ತೆಯು ಕುದಿಯುತ್ತ ಮರಳಿದಳು. ಏಳು ಪುಟಗಳ ವರದಿಯನ್ನು ಬರೆದಳು. ಸೊಸೆಯ ಕಣ್ಣೀರು, ಸೊಸೆಯ ಮೌನ, ಸೊಸೆಯ ಬಡಕಲು ಮೈ, ಎಲ್ಲವೂ ಅದರಲ್ಲಿದ್ದವು. ಕಡೆಯಲ್ಲಿ, ಅತ್ತೆಯ ಕ್ರೌರ್ಯದಿಂದ ಪಾರುಮಾಡಲು ಈ ಹೆಣ್ಣುಮಗಳನ್ನು ಒಡನೆಯೇ ತವರಿಗೆ ಕಳುಹಿಸತಕ್ಕದ್ದೆಂದು ತೀರ್ಪನ್ನೂ ಬರೆದಿದ್ದಳು. ಮೇಲ್ವಿಚಾರಕಿಯು ಮೊದಲು ಮಾಡಿದ ಕೆಲಸವೆಂದರೆ ಔಷಧವು ನಿಂತಿರುವ ಸಂಗತಿಯನ್ನು ಅದೇ ಗಳಿಗೆಯಲ್ಲಿ ವೈದ್ಯರಿಗೆ ತಿಳಿಸಿದ್ದು; ಅಪಾಯದ ವಿಷಯವನ್ನು ಚರ್ಚೆ ಮುಗಿಯುವವರೆಗೆ ಕಾಯಿಸಬಾರದು. ಅನಂತರ ವರದಿಯನ್ನು ತೆರೆದು ಕೇಳಿದಳು: “ತಂಗೀ, ಈ ಏಳು ಪುಟಗಳಲ್ಲಿ ಅತ್ತೆಯವರ ಮಾತು ಎಷ್ಟಿದೆ?” ನೋಡಿದರೆ ಒಂದೇ ಸಾಲು. “ರಾತ್ರಿ ಕೂಸನ್ನು ಯಾರು ನೋಡಿಕೊಳ್ಳುವರು?” ಅದು ವರದಿಯಲ್ಲಿರಲಿಲ್ಲ. “ಆ ಹಿರಿಯಳನ್ನು ಕಂಡಾಗ ನಿನಗೆ ಯಾರ ನೆನಪಾಯಿತು?”

ತರುಣಿಯು ಬಹಳ ಹೊತ್ತು ಸುಮ್ಮನಿದ್ದಳು. ಕಡೆಗೆ, ತನ್ನ ಸ್ವಂತ ಅಕ್ಕನು ಗಂಡನ ಮನೆಯಲ್ಲಿ ಪಟ್ಟ ಪಾಡನ್ನು ಒಂದು ಮಾತಿನಲ್ಲಿ ಹೇಳಿದಳು. ಮೇಲ್ವಿಚಾರಕಿಯು ಅದನ್ನು ಕೆದಕಲಿಲ್ಲ. “ಅದು ನಿನ್ನ ಮನೆಯ ನೋವು. ಅದನ್ನು ಬಿಡಿಸಿ ನೋಡುವ ಅಧಿಕಾರ ನನಗಿಲ್ಲ. ಆದರೆ ಇನ್ನೊಮ್ಮೆ ಆ ಊರಿಗೆ ಹೋಗುವಾಗ ನಿನ್ನ ಅಕ್ಕನ ಅತ್ತೆಯನ್ನು ಜೊತೆಗೆ ಕರೆದೊಯ್ಯಬೇಡ,” ಎಂದಳು.

ಮರುದಿನವೇ ಕಾರ್ಯಕರ್ತೆಯು ತಿರುಗಿ ಹೋದಳು. ಈ ಸಲ ಒಲೆಯ ಮುಂದೆ ಅತ್ತೆಯ ಬಳಿಯಲ್ಲಿ ಕುಳಿತು, “ಅವ್ವಾ, ನೀವು ಕಣ್ತುಂಬ ನಿದ್ದೆ ಮಾಡಿ ಎಷ್ಟು ದಿನವಾಯಿತು?” ಎಂದು ಕೇಳಿದಳು. ಆ ಹಿರಿಯಳು ಸೆರಗಿನಿಂದ ಮುಖವನ್ನು ಮುಚ್ಚಿಕೊಂಡಳು. ಅವಳ ಒಡಹುಟ್ಟಿದ ತಂಗಿಯು ಬಹುಕಾಲದ ಹಿಂದೆ ಬಾಣಂತಿತನದಲ್ಲಿ ಹೀಗೆಯೇ ಮತಿಗೆಟ್ಟು ಬಾವಿಯ ಪಾಲಾಗಿದ್ದಳು. ಸೊಸೆಗೆ ಬೇನೆಯಾದಂದಿನಿಂದ ಅತ್ತೆಯು ಪ್ರತಿರಾತ್ರಿಯೂ ಬಾಗಿಲಿಗೆ ಅಡ್ಡವಾಗಿ ಮಲಗುತ್ತಿದ್ದಳು. ಗುಳಿಗೆಯ ಸತ್ತ್ವವು ಹಾಲಿಗಿಳಿದು ಮೊಮ್ಮಗುವನ್ನೂ ಕೊಂಡೊಯ್ದೀತೆಂದು ನೆರೆಯವರು ಹೇಳಿದ ಮಾತು ಅವಳನ್ನು ಅಂಜಿಸಿತ್ತು. ಅದು ಕ್ರೌರ್ಯವಾಗಿರಲಿಲ್ಲ, ಭೀತಿಯಾಗಿತ್ತು. ಅವಳ ಭೀತಿಯನ್ನು ಕೇಳಿದವರು ಆ ತನಕ ಒಬ್ಬರೂ ಇರಲಿಲ್ಲ. ಸೊಸೆ ಮೊಮ್ಮಗುವಿನೊಡನೆ ಅವಳನ್ನು ಆಸ್ಪತ್ರೆಗೆ ಕರೆತಂದು, ಯಾವ ಔಷಧವನ್ನು ಯಾವ ಎಚ್ಚರಿಕೆಯಿಂದ ಹಾಲೂಡುವ ತಾಯಿಗೆ ಕೊಡಬಹುದೆಂಬದನ್ನು ವೈದ್ಯರ ಬಾಯಿಂದಲೇ ಕೇಳಿಸಿದ ಮೇಲೆ, ಗುಳಿಗೆಯ ಲೆಕ್ಕವನ್ನು ಇಟ್ಟವಳು ಆ ಅತ್ತೆಯೇ.

ಮೊದಲನೆಯ ವರದಿಯ ತೀರ್ಪಿನಂತೆ ನಡೆದಿದ್ದರೆ ಏನಾಗುತ್ತಿತ್ತೆಂಬದನ್ನು ಆಲೋಚಿಸಿರಿ. ಕಾರ್ಯಕರ್ತೆಯಲ್ಲಿ ಕನಿಕರದ ಕೊರತೆಯಿರಲಿಲ್ಲ. ಕನಿಕರವು ಒಂದೇ ಕಡೆಗೆ ಹರಿದದ್ದೇ ಕೊರತೆ. ಕೆಲವು ಮನೆಗಳಲ್ಲಿ ಕ್ರೌರ್ಯವು ನಿಜವಾಗಿಯೇ ಇರುವದು. ಅಲ್ಲಿ ಹೆಣ್ಣುಮಗಳನ್ನು ರಕ್ಷಿಸುವದೇ ಧರ್ಮ, ಕಾನೂನೂ ಅದನ್ನೇ ಹೇಳುವದು. ಆದರೆ ಕ್ರೌರ್ಯವು ಯಾವದು, ಭೀತಿಯು ಯಾವದು ಎಂದು ಬೇರ್ಪಡಿಸುವದಕ್ಕೆ ಎರಡು ಕಣ್ಣು ಸಾಲವು. ಕಾಣುವವನ ಕಣ್ಣನ್ನು ಕಾಣುವ ಇನ್ನೊಂದು ಕಣ್ಣು ಬೇಕು. ಮೇಲ್ವಿಚಾರಣೆಯೆಂದರೆ ಅದೇ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ರೋಗಿಯ ಮನೆಯಲ್ಲಿ ನಡೆದದ್ದು ಎಷ್ಟೋ ಸಲ ಮೇಲ್ವಿಚಾರಣೆಯ ಕೋಣೆಯಲ್ಲಿ ಮರಳಿ ನಡೆಯುವದು. ಹೆರಾಲ್ಡ್ ಸರ್ಲ್ಸ್ ಎಂಬ ಅಮೇರಿಕೆಯ ಮನೋವೈದ್ಯರು 1955ರಲ್ಲಿ ಇದನ್ನು ಪ್ರತಿಬಿಂಬದ ಕ್ರಿಯೆಯೆಂದು ವರ್ಣಿಸಿದರು. ರೋಗಿಯು ಕಾರ್ಯಕರ್ತನ ಮುಂದೆ ಅಸಹಾಯನಾಗಿ ಕುಳಿತರೆ, ಆ ಕಾರ್ಯಕರ್ತನು ತನಗರಿವಿಲ್ಲದೆಯೇ ಮೇಲ್ವಿಚಾರಕನ ಮುಂದೆ ಅಸಹಾಯನಾಗಿ ಕೂಡುವನು. ರೋಗಿಯು ಸಿಡುಕಿದರೆ ಇವನೂ ಸಿಡುಕುವನು. ಇದನ್ನರಿತ ಮೇಲ್ವಿಚಾರಕನು ಶಿಷ್ಯನನ್ನು ಗದರಿಸದೆ, ಈ ಸಿಡುಕು ಯಾವ ಮನೆಯಿಂದ ಬಂದಿತೆಂದು ಹುಡುಕುವನು. ಇದು ಇಳಿಮುಖವಾಗಿಯೂ ನಡೆಯುವದು. ಮೇಲ್ವಿಚಾರಕನು ತಾಳ್ಮೆಯಿಂದ ಕೇಳಿದರೆ ಆ ತಾಳ್ಮೆಯು ಕಾರ್ಯಕರ್ತನ ಮೂಲಕ ರೋಗಿಯನ್ನು ಮುಟ್ಟುವದು. ಮೇಲಿನವನು ಅವಮಾನಪಡಿಸಿದರೆ ಆ ಅವಮಾನವೂ ಕೆಳಗಿಳಿದು ಕಡೆಗೆ ಅತ್ಯಂತ ಬಲಹೀನನ ತಲೆಯ ಮೇಲೆ ಬೀಳುವದು. ಆದುದರಿಂದ ಕಾರ್ಯಕರ್ತರನ್ನು ಗೌರವದಿಂದ ಕಾಣುವದು ಬರಿಯ ಸೌಜನ್ಯವಲ್ಲ. ಅದೇ ರೋಗಿಯ ಚಿಕಿತ್ಸೆಯ ಒಂದು ಭಾಗ.

ಗುರುಶಿಷ್ಯ ಸಂಬಂಧವನ್ನು ಬಲ್ಲ ತಮ್ಮ ಮುಂದೆ ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ಮೇಲ್ವಿಚಾರಕನು ಗುರುವಲ್ಲ. ಗುರುವಿನ ಮುಂದೆ ಶಿಷ್ಯನು ತನ್ನನ್ನು ಪೂರ್ಣವಾಗಿ ಒಪ್ಪಿಸಿಕೊಳ್ಳುವನು. ಮೇಲ್ವಿಚಾರಕನ ಮುಂದೆ ಒಪ್ಪಿಸತಕ್ಕದ್ದು ಕೆಲಸವನ್ನು ಮಾತ್ರ. ಅವನು ಹೇಳಿದ್ದು ಸರಿಯಲ್ಲವೆಂದು ತೋರಿದರೆ ಹಾಗೆಂದು ಹೇಳುವದು ಶಿಷ್ಯನ ಹಕ್ಕೂ ಹೌದು, ಕರ್ತವ್ಯವೂ ಹೌದು. ಏಕೆಂದರೆ ಆ ಕೋಣೆಯಲ್ಲಿ ಕಾಣದ ಮೂರನೆಯವನೊಬ್ಬನು ಕುಳಿತಿರುವನು. ಅವನೇ ರೋಗಿ. ಮೇಲ್ವಿಚಾರಕನೂ ಕಾರ್ಯಕರ್ತನೂ ಇಬ್ಬರೂ ಉತ್ತರವಾದಿಗಳಾಗಿರುವದು ಅವನಿಗೆ.

ಈ ಮೂರನೆಯವನನ್ನು ಮರೆತಾಗ ಮೇಲ್ವಿಚಾರಕನು ನಾಲ್ಕು ಬಗೆಯಾಗಿ ದಾರಿ ತಪ್ಪುವನು. ಶಿಷ್ಯನನ್ನು ತನ್ನದೇ ಪಡಿಯಚ್ಚಾಗಿ ಮಾಡಲು ಹೊರಡುವದು ಒಂದು. ನ್ಯಾಯಾಧೀಶನಾಗಿ ತಪ್ಪುಗಳನ್ನೇ ಎಣಿಸುವದು ಇನ್ನೊಂದು. ಅಂಥವನ ಮುಂದೆ ಶಿಷ್ಯರು ತಪ್ಪುಗಳನ್ನು ಬಚ್ಚಿಡಲು ಕಲಿಯುವರೇ ಹೊರತು ತಿದ್ದಿಕೊಳ್ಳಲು ಕಲಿಯರು. ಶಿಷ್ಯನನ್ನೇ ರೋಗಿಯೆಂದು ಭಾವಿಸಿ ಅವನ ಮನೆಯ ಗುಟ್ಟುಗಳನ್ನು ಬಗೆಯುವದು ಮೂರನೆಯದು. ಶಿಷ್ಯನ ಕೈಯಿಂದ ಕೆಲಸವನ್ನು ಕಸಿದುಕೊಂಡು ತಾನೇ ಮಾಡಿ ಮುಗಿಸುವದು ನಾಲ್ಕನೆಯದು. ಈ ನಾಲ್ಕನ್ನೂ ಗೆಲ್ಲುವ ಉಪಾಯವು ಒಂದೇ: ಮೇಲ್ವಿಚಾರಕನಿಗೂ ಒಬ್ಬ ಹಿರಿಯನಿರಬೇಕು, ಹಿರಿಯರಿಲ್ಲದಿದ್ದಲ್ಲಿ ಸಮಾನರ ಕೂಟವಾದರೂ ಇರಬೇಕು. ತನ್ನನ್ನು ಕೇಳುವವರಿಲ್ಲದ ಎತ್ತರಕ್ಕೆ ಏರಿದವನು ಅನ್ಯರನ್ನು ಕೇಳುವ ಶಕ್ತಿಯನ್ನು ಬೇಗನೆ ಕಳೆದುಕೊಳ್ಳುವನು.

ಆಸರೆಯೆಂಬ ಮೂರನೆಯ ಮುಖವನ್ನು ಕುರಿತು ಒಂದೆರಡು ಮಾತು. ನಮ್ಮ ಕಾಯಕದಲ್ಲಿ ಎಲ್ಲ ಪ್ರಯತ್ನಗಳೂ ಫಲಿಸುವದಿಲ್ಲ. ಬಹಳ ದಿನ ಕೂಡಿ ನಡೆದ ರೋಗಿಯೊಬ್ಬನು ಒಂದು ದಿನ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನೆಂಬ ಸುದ್ದಿಯು ಬರಬಹುದು. ಆಗ ಮನೆಯವರು ಅಳುವರು, ಊರು ಅವರನ್ನು ಸಂತೈಸುವದು. ಅವನೊಡನೆ ವಾರ ವಾರವೂ ಮಾತನಾಡಿದ ತರುಣ ಕಾರ್ಯಕರ್ತನು ಎಲ್ಲಿ ಅಳಬೇಕು? ರೋಗಿಯ ಹೆಸರನ್ನು ತನ್ನ ಮನೆಯಲ್ಲಿಯೂ ಹೇಳುವಂತಿಲ್ಲ, ಗೆಳೆಯರಲ್ಲಿಯೂ ಹೇಳುವಂತಿಲ್ಲ. ಅವನ ಮನಸ್ಸಿನಲ್ಲಿ ‘ನಾನು ಏನನ್ನು ಕಾಣದೆ ಹೋದೆ?’ ಎಂಬ ಒಂದೇ ಪ್ರಶ್ನೆಯು ಕೊರೆಯುತ್ತಿರುವದು. ಆ ದಿನ ಮೇಲ್ವಿಚಾರಕನು ಬಾಗಿಲನ್ನು ತೆರೆದಿರಬೇಕು. ಸುಳ್ಳು ಸಮಾಧಾನವನ್ನು ಹೇಳಬಾರದು; ದೋಷವನ್ನೂ ಹೊರಿಸಬಾರದು. ನಡೆದದ್ದನ್ನು ಮೊದಲಿನಿಂದ ಕಡೆಯವರೆಗೆ ಅವನೊಡನೆ ಕುಳಿತು ನೋಡಬೇಕು, ಕಲಿಯತಕ್ಕದ್ದಿದ್ದರೆ ಕಲಿಯಬೇಕು, ಮನುಷ್ಯನ ಕೈಗೆ ಮೀರಿದ್ದನ್ನು ಕೈಗೆ ಮೀರಿದ್ದೆಂದು ಒಪ್ಪಬೇಕು. ಹೀಗೆ ಕೇಳುವವರಿಲ್ಲದ ಕಾರ್ಯಕರ್ತರಲ್ಲಿ ಕೆಲವರು ಕೆಲಸವನ್ನು ಬಿಡುವರು. ಕೆಲವರು ಬಿಡದೆ ಇದ್ದು ಕಲ್ಲಾಗುವರು. ಕಲ್ಲಾದವರ ಮುಂದೆ ಕುಳಿತ ರೋಗಿಯ ಗತಿಯನ್ನು ನಾನು ಬಣ್ಣಿಸಬೇಕಾದದ್ದಿಲ್ಲ.

ಈಗಿನ ಸ್ಥಿತಿಯನ್ನು ನೋಡೋಣ. 1982ರಲ್ಲಿ ಭಾರತ ಸರಕಾರವು ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಕೈಕೊಂಡಿತು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿಯನ್ನು ಕೊಟ್ಟು ಅಲ್ಲಿಯೇ ಚಿಕಿತ್ಸೆ ನಡೆಸಬಹುದೆಂಬದನ್ನು ನಿಮ್ಹಾನ್ಸಿನವರು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದರು. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು. ಆದರೂ ಮಾಡತಕ್ಕದ್ದು ಬಹಳವಿದೆ. 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಒಂದಿಲ್ಲೊಂದು ಮಾನಸಿಕ ಬೇನೆಯಿರುವದು ಕಂಡುಬಂದಿತು. ಬೇರೆ ಬೇರೆ ಮಾನಸಿಕ ಬೇನೆಗಳಲ್ಲಿ ನೂರಕ್ಕೆ 70ರಿಂದ 92 ಜನರಿಗೆ ಚಿಕಿತ್ಸೆ ದೊರೆತಿರಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮನೋವೈದ್ಯಕೀಯ ಸಮಾಜಕಾರ್ಯಕರ್ತನ ಲಕ್ಷಣವನ್ನು ಹೇಳುವಾಗ, ಮೇಲ್ವಿಚಾರಣೆಯಲ್ಲಿ ಪಡೆದ ತರಬೇತಿಯನ್ನೊಳಗೊಂಡ ಎರಡು ವರುಷಗಳ ಪೂರ್ಣಾವಧಿಯ ಶಿಕ್ಷಣವು ಆಗಿರಬೇಕೆಂದು ವಿಧಿಸಿದೆ. ಇದು ಸಂತೋಷದ ಸಂಗತಿ. ಆದರೆ ಪದವಿ ದೊರೆತ ಮೇಲೆ ಆ ತರುಣನು ದೂರದ ಜಿಲ್ಲೆಯೊಂದಕ್ಕೆ ಹೋಗುವನು. ಅಲ್ಲಿಯ ತಂಡದಲ್ಲಿ ಅವನ ವೃತ್ತಿಯವನು ಬಹಳ ಕಡೆಗಳಲ್ಲಿ ಅವನೊಬ್ಬನೇ. ಅವನ ಭೇಟಿಗಳನ್ನು ಎಣಿಸುವವರು ಇರುವರು. ಭೇಟಿಯಲ್ಲಿ ನಡೆದದ್ದನ್ನು ಕೇಳುವವರು ಇರುವದಿಲ್ಲ. ತನಿಖೆಯುಂಟು, ವಿಚಾರಿಸಿಕೊಳ್ಳುವದಿಲ್ಲ. ದೂರವಾಣಿಯ ಮೂಲಕವಾದರೂ ಹಿರಿಯರೊಬ್ಬರು ವಾರಕ್ಕೊಮ್ಮೆ ಅಂಥವನ ಮಾತನ್ನು ಕೇಳುವ ಏರ್ಪಾಡು ಎಲ್ಲ ಕಡೆಯೂ ಆಗಬೇಕೆಂಬದು ನನ್ನ ಬಹುದಿನದ ಆಶೆ. ಇದಕ್ಕೆ ಹೆಚ್ಚು ಹಣ ಬೇಕಾಗಿಲ್ಲ. ಇದು ಅವಶ್ಯವೆಂಬ ಅರಿವು ಬೇಕು.

ಕಡೆಯಲ್ಲಿ ಭಕ್ತಮಹಾಶಯರಾದ ತಮ್ಮಲ್ಲಿ ಕೆಲವು ಅರಿಕೆಗಳು. ನಮ್ಮ ನಾಡಿನಲ್ಲಿ ಮನಸ್ಸು ಕೆಟ್ಟವರನ್ನು ಆಸ್ಪತ್ರೆಗೆ ತರುವ ಮೊದಲು ಮಠಕ್ಕೆ, ಗುಡಿಗೆ, ದರ್ಗಕ್ಕೆ ಕರೆತರುವದು ರೂಢಿ. ಇದರಲ್ಲಿ ತಪ್ಪಿಲ್ಲ, ಧೈರ್ಯವು ದೊರೆಯುವಲ್ಲಿಗೆ ಮನುಷ್ಯನು ಹೋಗುವನು. ಆದರೆ ಅಲ್ಲಿಯೇ ನಿಂತುಬಿಟ್ಟರೆ ಏನಾಗುವದೆಂಬದಕ್ಕೆ ಒಂದು ಘೋರವಾದ ಸಾಕ್ಷಿಯಿದೆ. 2001ನೆಯ ಇಸವಿಯ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ, ದರ್ಗದ ಸಮೀಪದ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದಿತು. ಸರಪಳಿಯಲ್ಲಿ ಬಿಗಿದಿದ್ದ ಮನೋರೋಗಿಗಳು ಓಡಲಾರದೆ ಸುಟ್ಟುಹೋದರು. ಸತ್ತವರು 28 ಜನರು. ಅವರನ್ನು ಅಲ್ಲಿ ಬಿಟ್ಟುಹೋಗಿದ್ದ ಮನೆಯವರೆಲ್ಲರೂ ಕಠೋರರಾಗಿದ್ದರೆಂದು ನಾನು ನಂಬಲಾರೆನು. ಕೇಳುವವರಿಲ್ಲದೆ ಸೋತವರು ಅವರಲ್ಲಿ ಅನೇಕರಿದ್ದಿರಬೇಕು. ಈಗ 2017ರ ಕಾಯಿದೆಯು ಮನೋರೋಗಿಯನ್ನು ಯಾವ ರೀತಿಯಿಂದಲೂ ಸರಪಳಿಯಲ್ಲಿ ಕಟ್ಟುವದನ್ನು ನಿಷೇಧಿಸಿದೆ.

ಆದುದರಿಂದ ಮಠಕ್ಕೆ ಬಂದ ಇಂಥವರಿಗೆ ಪ್ರಸಾದವನ್ನೂ ಧೈರ್ಯವನ್ನೂ ಕೊಟ್ಟು, ಆಸ್ಪತ್ರೆಯ ದಾರಿಯನ್ನೂ ತೋರಿಸಿರಿ; ಸಾಧ್ಯವಾದರೆ ಒಬ್ಬರು ಜೊತೆಯಲ್ಲಿ ಹೋಗಿರಿ. ವೈದ್ಯರನ್ನು ಕೇಳದೆ ಗುಳಿಗೆಯನ್ನು ಬಿಡಿರೆಂದು ಯಾರಿಗೂ ಹೇಳಬೇಡಿರಿ. ರೋಗಿಯ ಮನೆಯ ಸಂಗತಿಯನ್ನು ಕಟ್ಟೆಯ ಮೇಲಿನ ಮಾತಾಗಿ ಮಾಡಬೇಡಿರಿ. ಸಾಯುವ ಮಾತನ್ನಾಡಿದವರನ್ನು ಗದರಿಸದೆ, ಒಂಟಿಯಾಗಿ ಬಿಡದೆ, ಕೂಡಲೇ ಸಹಾಯವನ್ನು ಒದಗಿಸಿರಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಟೆಲಿ ಮಾನಸ್’ ಎಂಬ ಸರಕಾರದ ದೂರವಾಣಿ ಸೇವೆಯನ್ನು 14416 ಎಂಬ ಅಂಕೆಗೆ ಕರೆದು ಹಗಲಿರುಳು ಪಡೆಯಬಹುದು.

ಇನ್ನೊಂದು ಅರಿಕೆಯು ಶ್ರೀಮಠದ ಸೇವಕವರ್ಗಕ್ಕೆ ಸಂಬಂಧಿಸಿದ್ದು. ಪ್ರಸಾದನಿಲಯದ ಮೇಲ್ವಿಚಾರಕರು, ಶಾಲೆಗಳ ಅಧ್ಯಾಪಕರು, ದಾಸೋಹದಲ್ಲಿ ಬಡಿಸುವ ತಾಯಂದಿರು, ಇವರೆಲ್ಲರೂ ದಿನಂಪ್ರತಿ ಯಾರದೋ ದುಃಖವನ್ನು ಕೇಳಿ ತಮ್ಮ ಮನಸ್ಸಿನಲ್ಲಿ ಹೊತ್ತು ತಿರುಗುತ್ತಿರುವರು. ತಂದೆಯನ್ನು ಕಳೆದುಕೊಂಡ ಹುಡುಗನು ರಾತ್ರಿ ಹಾಸಿಗೆಯಲ್ಲಿ ಅಳುವದನ್ನು ಮೊದಲು ಕೇಳುವವನು ನಿಲಯದ ಮೇಲ್ವಿಚಾರಕನು. ಇವರು ತಿಂಗಳಿಗೊಮ್ಮೆ ಅನುಭವಿಗಳಾದ ಒಬ್ಬರ ಸಮ್ಮುಖದಲ್ಲಿ ಕೂಡಿ, ಯಾರ ಹೆಸರನ್ನೂ ಎತ್ತದೆ, ತಾವು ಕಂಡದ್ದನ್ನೂ ತಮಗೆ ತೊಡಕಾದದ್ದನ್ನೂ ಹೇಳಿಕೊಳ್ಳುವ ಏರ್ಪಾಡನ್ನು ಈ ಮಹೋತ್ಸವದ ನೆನಪಿಗಾಗಿ ಆರಂಭಿಸಬಹುದು. ಕಟ್ಟಡವು ಬೇಕಿಲ್ಲ, ನಿಧಿಯು ಬೇಕಿಲ್ಲ. ಒಂದು ಚಾಪೆ, ಒಂದು ತಾಸು, ನಂಬಿಕೆಗೆ ಅರ್ಹವಾದ ಕಿವಿ, ಇಷ್ಟಿದ್ದರೆ ಸಾಕು. ಹೀಗೆ ಸಾಕಿದ ಮನಸ್ಸುಗಳು ತಮ್ಮ ಬಳಿಗೆ ಬಂದವರನ್ನು ಇನ್ನೂ ಚೆನ್ನಾಗಿ ಸಾಕಬಲ್ಲವು.

ಈ ಕಾಯಕವನ್ನು ಕಲಿಯುತ್ತಿರುವ ತರುಣ ತರುಣಿಯರು ಸಭೆಯಲ್ಲಿದ್ದರೆ ಅವರಿಗೆ ಒಂದೇ ಮಾತು. ವರದಿಯಲ್ಲಿ ನಿಮ್ಮನ್ನು ಜಾಣರಾಗಿ ತೋರಿಸಿಕೊಳ್ಳಬೇಡಿರಿ. ತಿಳಿಯದ್ದನ್ನು ತಿಳಿಯಲಿಲ್ಲವೆಂದೂ, ಸಿಟ್ಟು ಬಂದದ್ದನ್ನು ಸಿಟ್ಟು ಬಂದಿತೆಂದೂ ಬರೆಯಿರಿ. ನಿಮ್ಮ ವರದಿಯ ಒಂದು ಪ್ರಾಮಾಣಿಕವಾದ ಸಾಲಿನಿಂದ ಯಾವದೋ ಊರಿನ ಒಂದು ಮನೆಯು ಉಳಿಯಬಹುದು.